ಪಕ್ಕದ ಮನೆ ಅಜ್ಜಿ ನರಕಕ್ಕೆ ಹೋಗ್ತಾರಾ?

ಪ್ರಶ್ನೆ: ನಾವು ಸಾಗರ ತಾಲ್ಲೂಕಿನ ಕಥೋಲಿಕರು. ನಾನು ಡ್ಯೂಟಿಗೆ ಹೋದಾಗ ಮಗಳನ್ನು ನೋಡಿಕೊಳ್ಳುತ್ತಿದ್ದವರು ಪಕ್ಕದ ಮನೆಯ ಅಜ್ಜಿ. ಅವರು ಹಿಂದೂಗಳು. ಹಬ್ಬಕ್ಕೆ ಅವರ ಮನೆಯಿಂದ ಕೊಟ್ಟೆ ಕಡುಬು ಬರುತ್ತಿತ್ತು, ಕ್ರಿಸ್ಮಸ್ಸಿಗೆ ನಮ್ಮ ಮನೆಯ ಕುಸ್ವಾರ್ ತಿಂಡಿ ಅಲ್ಲಿಗೆ ಹೋಗುತ್ತಿತ್ತು. ಈ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು. ಆಮೇಲೆ ಒಂದು ಧ್ಯಾನಕೂಟದಲ್ಲಿ ಪ್ರಸಂಗ ಮಾಡಿದವರು, ಯೇಸುವನ್ನು ನಂಬದೆ ಸತ್ತವರೆಲ್ಲ ನರಕದ ಬೆಂಕಿಗೇ ಹೋಗುತ್ತಾರೆ ಅಂದರು. ಆರನೇ ಕ್ಲಾಸಿನ ಮಗಳಿಗೆ ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ‘ಅಜ್ಜಿನೂ ಅಲ್ಲಿಗೇನಾ ಅಮ್ಮ?’ ಅಂತ ಕೇಳುತ್ತಾಳೆ. ದೇವರು ಪ್ರೀತಿಸ್ವರೂಪಿ ಅಂತ ಅವಳಿಗೆ ಹೇಳಿಕೊಟ್ಟವಳು ನಾನೇ. ಹಾಗಾದರೆ ನರಕ ಯಾಕೆ?

ಉತ್ತರ: ಮೊದಲು ಮಗಳಿಗೆ ಹೇಳಬೇಕಾದ್ದು ಹೇಳುತ್ತೇನೆ. ಅಜ್ಜಿ ನರಕದಲ್ಲಿದ್ದಾರೆ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆ ಪ್ರಸಂಗಿಗೂ ಇಲ್ಲ, ನನಗೂ ಇಲ್ಲ, ಪೋಪರಿಗೂ ಇಲ್ಲ. ಕಥೋಲಿಕ ಧರ್ಮಸಭೆ ಎಷ್ಟೋ ಜನರನ್ನು ಸಂತರೆಂದು ಸಾರಿದೆ. ಆದರೆ ಇಂಥವರು ನರಕದಲ್ಲಿದ್ದಾರೆ ಎಂದು ಒಬ್ಬರ ಹೆಸರನ್ನೂ ಇವತ್ತಿನವರೆಗೆ ಸಾರಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನ ಹೆಸರನ್ನು ಕೂಡ. ಮಗುವಿನ ಎದೆಯೊಳಗೆ ಇಂಥ ಭಯ ಬಿತ್ತುವುದು ಸುವಾರ್ತೆ ಸಾರುವ ಕೆಲಸವಲ್ಲ.

1964ರಲ್ಲೇ, ಕಥೋಲಿಕ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಈ ವಿಷಯವನ್ನು ಬರೆದಿಟ್ಟಿದೆ. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೇ ಉಳಿದವರು, ಪ್ರಾಮಾಣಿಕವಾಗಿ ದೇವರನ್ನು ಹುಡುಕಿ ಮನಸ್ಸಾಕ್ಷಿ ಹೇಳಿದಂತೆ ನಡೆದರೆ, ದೇವರ ಕೃಪೆಯಿಂದ ರಕ್ಷಣೆ ಪಡೆಯಬಹುದು. ‘ಪಕ್ಕದಲ್ಲೇ ಕ್ರೈಸ್ತರಿದ್ದರಲ್ಲ, ಅರಿಯದವರು ಹೇಗೆ?’ ಎಂದು ಕೆಲವರು ಕೇಳುತ್ತಾರೆ. ಯೇಸುವಿನ ಹೆಸರು ಕೇಳಿರುವುದೇ ಬೇರೆ. ಇದು ಸತ್ಯ ಎಂದು ಮನಸ್ಸಿಗೆ ನಾಟಿದ ಮೇಲೂ ಬೇಡ ಎಂದು ತಳ್ಳುವುದೇ ಬೇರೆ. ಎಲ್ಲ ಪ್ರೊಟೆಸ್ಟಂಟ್ ಸಭೆಗಳೂ ಇದನ್ನು ಒಪ್ಪುವುದಿಲ್ಲ, ನಿಜ. ಆದರೆ ನಿಮ್ಮ ಧರ್ಮಸಭೆಯ ಮಾತು ಇದು.

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯವನ್ನು ಮಗಳ ಜೊತೆ ಕೂತು ಓದಿ. ಕೊನೆಯ ತೀರ್ಪಿನ ದಿನ ಅರಸನು ಕೇಳುವುದು ಊಟ, ನೀರು, ಬಟ್ಟೆಯ ಲೆಕ್ಕವನ್ನು. ಹಸಿದವರಿಗೆ ಕೊಟ್ಟಿರಾ? ರೋಗಿಯನ್ನು ನೋಡಲು ಹೋದಿರಾ? ಬಲಗಡೆ ನಿಂತವರಿಗೇ ಆಶ್ಚರ್ಯ: ‘ಸ್ವಾಮೀ, ನಾವು ಯಾವಾಗ ನಿಮಗೆ ಊಟ ಕೊಟ್ಟೆವು?’ ತಾವು ಸೇವೆ ಮಾಡಿದ್ದು ಕ್ರಿಸ್ತನಿಗೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಇಲ್ಲಿ ಇನ್ನೊಂದು ವಿಷಯವಿದೆ, ಜಾಸ್ತಿ ಜನ ಗಮನಿಸುವುದಿಲ್ಲ. ರಾಜ್ಯವು ಈ ಜನರಿಗಾಗಿಯೇ ಸಿದ್ಧವಾದದ್ದು ಎಂದು ಅರಸನು ಹೇಳುತ್ತಾನೆ. ಬೆಂಕಿ ಸಿದ್ಧವಾದದ್ದು ಸೈತಾನನಿಗೂ ಅವನ ದೂತರಿಗೂ. ಮನುಷ್ಯರಿಗಾಗಿ ಅಲ್ಲ.

ಹಾಗಾದರೆ ನರಕವೇ ಇಲ್ಲ ಎಂದುಬಿಡಬಹುದಲ್ವಾ? ನನಗೆ ಮನಸ್ಸು ಬರುವುದಿಲ್ಲ. ನಮ್ಮ ಘಟ್ಟದ ತೋಟಗಳಲ್ಲಿ ತೀರದ ಸಾಲಕ್ಕೆ ದುಡಿದು ದುಡಿದು ಸತ್ತವರಿದ್ದಾರೆ. ದುಡಿಸಿಕೊಂಡವನು ಕೊನೆಯವರೆಗೂ ‘ನಾನೇನು ತಪ್ಪು ಮಾಡಿದೆ?’ ಅನ್ನುತ್ತಲೇ ಹೋದರೆ, ದೇವರು ಏನೂ ಆಗಿಲ್ಲ ಎಂಬಂತೆ ಅವನ ಬೆನ್ನು ತಟ್ಟಬೇಕೇ? ಆ ಕೂಲಿಯವರ ಮೇಲೆ ದೇವರಿಗೆ ಪ್ರೀತಿ ಇದ್ದರೆ ಅದು ಆಗದು.

ಯೇಸು ಹೇಳಿದ ಶ್ರೀಮಂತ ಮತ್ತು ಲಾಜರನ ಕಥೆ ನೋಡಿ. ಲೂಕನ 16ನೇ ಅಧ್ಯಾಯ. ಲಾಜರ ಮೈತುಂಬ ಹುಣ್ಣಿಟ್ಟುಕೊಂಡು ಶ್ರೀಮಂತನ ಬಾಗಿಲಲ್ಲೇ ಬಿದ್ದಿದ್ದವನು. ಸತ್ತ ಮೇಲೆ ಬೆಂಕಿಯಲ್ಲಿ ನರಳುತ್ತಾ ಶ್ರೀಮಂತ ಪಿತಾಮಹ ಅಬ್ರಹಾಮನನ್ನು ಏನು ಕೇಳುತ್ತಾನೆ? ಲಾಜರನನ್ನು ಕಳಿಸಿ, ಬೆರಳ ತುದಿ ನೀರಲ್ಲಿ ಅದ್ದಿ ನನ್ನ ನಾಲಿಗೆ ತಂಪು ಮಾಡಲಿ. ಆಮೇಲೆ, ಅವನನ್ನು ನನ್ನ ತಮ್ಮಂದಿರ ಹತ್ತಿರ ಕಳಿಸಿ. ಲಾಜರನ ಹೆಸರು ಅವನಿಗೆ ಗೊತ್ತಿದೆ! ಗೊತ್ತಿದ್ದೂ ಅವನ ಜೊತೆ ಒಂದು ಮಾತಾಡುವುದಿಲ್ಲ. ಕ್ಷಮೆ ಕೇಳುವುದಿಲ್ಲ. ಅಲ್ಲೂ ಅವನನ್ನು ಕೆಲಸಕ್ಕೆ ಓಡಿಸಲೇ ನೋಡುತ್ತಾನೆ. ನರಕ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಮನುಷ್ಯನನ್ನು ತೋರಿಸುತ್ತೇನೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ನರಕವನ್ನು ದೇವರಿಂದ ಮನುಷ್ಯ ತಾನಾಗಿಯೇ, ಶಾಶ್ವತವಾಗಿ ದೂರವಾಗುವ ಸ್ಥಿತಿ ಎನ್ನುತ್ತದೆ. ದೇವರು ಯಾರನ್ನೂ ಮೊದಲೇ ನರಕಕ್ಕೆಂದು ಗೊತ್ತು ಮಾಡಿಟ್ಟಿಲ್ಲ ಎಂದೂ ಸ್ಪಷ್ಟವಾಗಿ ಹೇಳುತ್ತದೆ.

ನಮ್ಮಲ್ಲಿ ಎನ್.ಆರ್.ಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತರಿದ್ದಾರಲ್ಲ, ಅವರ ಪೂರ್ವಿಕರಿಗೆ ಇರಾಕ್ ಕಡೆಯ ಹಳೆಯ ಕ್ರೈಸ್ತರ ಪೂರ್ವ ಸಿರಿಯಾಕ್ ಪರಂಪರೆಯ ಜೊತೆ ಹಳೆಯ ನಂಟು. ಅದೇ ಪರಂಪರೆಯ ಏಳನೇ ಶತಮಾನದ ಸಂತ, ನಿನೆವೆಯ ಇಸಾಕ್. ನರಕದಲ್ಲಿರುವವರಿಗೆ ದೇವರ ಪ್ರೀತಿ ನಿಂತುಹೋಗಿದೆ ಎಂದುಕೊಳ್ಳುವುದೇ ತಪ್ಪು, ಅವರನ್ನು ಸುಡುವುದೂ ಆ ಪ್ರೀತಿಯೇ ಎಂದು ಅವರು ಕಲಿಸಿದರು. ಅಂಗಳದಲ್ಲಿ ಅಡಿಕೆ ಒಣಗಿಸುವ ಬಿಸಿಲನ್ನೇ ಕಣ್ಣುಬೇನೆ ಬಂದವನು ತಾಳಲಾರ. ಬಿಸಿಲಿಗೆ ಅವನ ಮೇಲೆ ಸಿಟ್ಟಿಲ್ಲ.

ಇಷ್ಟಾದರೂ ಒಂದು ಕಷ್ಟ ಉಳಿಯುತ್ತದೆ. ಎಪ್ಪತ್ತು ಎಂಬತ್ತು ವರ್ಷದ ಬದುಕಿಗೆ ಕೊನೆಯೇ ಇಲ್ಲದ ಶಿಕ್ಷೆಯೇ? ನಮ್ಮ ಅಕ್ಕಪಕ್ಕದ ಹೆಚ್ಚಿನವರ ನಂಬಿಕೆಯಲ್ಲಿ ನರಕಕ್ಕೆ ಅವಧಿ ಇದೆ. ಕರ್ಮ ತೀರಿದ ಮೇಲೆ ಮರುಜನ್ಮ. (ಮಧ್ವಮತದಲ್ಲಿ ಮಾತ್ರ ತಮೋಯೋಗ್ಯರಿಗೆ, ಅಂದರೆ ಸ್ವಭಾವದಿಂದಲೇ ಕತ್ತಲೆಯ ಲೋಕಕ್ಕೆ ಸೇರುವವರಿಗೆ, ಬಿಡುಗಡೆಯಿಲ್ಲ.) ಕ್ರೈಸ್ತರಲ್ಲಿ ಬದುಕು ಒಂದೇ. ಅದಕ್ಕೇ ಈ ಮಾತು ಇಷ್ಟು ಭಾರ. ಮೂರನೇ ಶತಮಾನದ ಕ್ರೈಸ್ತ ಪಂಡಿತ ಒರಿಗನ್, ನಾಲ್ಕನೇ ಶತಮಾನದ ಬಿಷಪ್ ನಿಸ್ಸಾದ ಗ್ರೆಗೊರಿ, ಕೊನೆಗೆ ಎಲ್ಲರೂ ದೇವರ ಕಡೆಗೆ ತಿರುಗುತ್ತಾರೆ ಎಂದು ನಂಬಿದ್ದರು. 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಕಾಲಕ್ಕೆ ಒರಿಗನನ ಹೆಸರಿನ ಬೋಧನೆಗಳಿಗೆ ಖಂಡನೆ ಬಂತು. ಗ್ರೆಗೊರಿಯನ್ನು ಈಗಲೂ ಸಂತ ಎಂದೇ ಕರೆಯುತ್ತೇವೆ. ದೇವರನ್ನು ಬಿಟ್ಟವರು ಕೊನೆಗೆ ಇಲ್ಲವಾಗಿಬಿಡುತ್ತಾರೆ, ಶಾಶ್ವತವಾಗಿ ನರಳುವುದಿಲ್ಲ ಎನ್ನುವ ಪ್ರೊಟೆಸ್ಟಂಟ್ ಪಂಡಿತರೂ ಇದ್ದಾರೆ.

ನನ್ನ ಅಭಿಪ್ರಾಯ ಕೇಳಿದರೆ, ಎಲ್ಲರೂ ಬರಲಿ ಎಂದು ಆಶಿಸುತ್ತೇನೆ, ಅದಕ್ಕಾಗಿ ಪ್ರಾರ್ಥಿಸುತ್ತೇನೆ. ಬಂದೇ ಬರುತ್ತಾರೆ ಎಂದು ಸಾರಲಾರೆ. ಹಾಗೆ ಸಾರಿದರೆ ಮನುಷ್ಯನ ‘ಬೇಡ’ ಎಂಬ ಮಾತಿಗೆ ಬೆಲೆಯೇ ಇರುವುದಿಲ್ಲ. ಆದರೆ ದೇವರೂ ಎಲ್ಲರ ರಕ್ಷಣೆಯನ್ನೇ ಬಯಸುತ್ತಾನೆ ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿದೆ. ಅಂದಮೇಲೆ ಈ ಆಶೆ ದೇವರ ಬಯಕೆಗೆ ವಿರುದ್ಧವಾದದ್ದಲ್ಲ.

ಇನ್ನು ನೀವು ಮಾಡಬಹುದಾದ್ದು. ಅಜ್ಜಿಗಾಗಿ ಮಗಳು ಪ್ರಾರ್ಥಿಸಬಹುದೇ ಎಂದು ಸಂಕೋಚ ಬೇಡ, ಖಂಡಿತ ಪ್ರಾರ್ಥಿಸಬಹುದು. ಅವರ ಹೆಸರಿನಲ್ಲಿ ಚರ್ಚಿನಲ್ಲಿ ಪೂಜೆಯನ್ನೂ ಒಪ್ಪಿಸಬಹುದು. ಬದುಕಿರುವವರಿಗಾಗಲಿ ಸತ್ತವರಿಗಾಗಲಿ, ಯಾರಿಗಾಗಿ ಬೇಕಾದರೂ ಪೂಜೆ ಒಪ್ಪಿಸಲು ಗುರುಗಳಿಗೆ ಧರ್ಮಸಭೆಯ ಕಾನೂನಿನ 901ನೇ ವಿಧಿ ಅವಕಾಶ ಕೊಡುತ್ತದೆ. ನವೆಂಬರ್ 2ರ ಮೃತರ ಸ್ಮರಣೆಯ ದಿನಕ್ಕೆ ಮೊದಲೇ ನಿಮ್ಮ ಫಾದರ್ ಹತ್ತಿರ ಹೋಗಿ ಹೆಸರು ಬರೆಸಿ. ಮಗಳನ್ನೂ ಕರೆದುಕೊಂಡು ಹೋಗಿ, ಅಜ್ಜಿಯ ಹೆಸರನ್ನು ಅವಳೇ ಹೇಳಲಿ.