ಪೋಲೆಂಡಿನ ಹಳ್ಳಿಯ ಹಳೆಯ ಯಹೂದಿ ಸ್ಮಶಾನದಲ್ಲಿ ಗಿಡಗಂಟಿ ಬೆಳೆದು ಕಲ್ಲುಗಳು ಬಿದ್ದಿವೆ. ಕೆಲಸ ಎಲ್ಲಿಂದ ಶುರು ಮಾಡಬೇಕು?

ಕಲ್ಲು ತೊಳೆಯುವುದರಿಂದಂತೂ ಅಲ್ಲ. ಮೊದಲು ಗಡಿ ಗುರುತಿಸಿ ಬೇಲಿ ಹಾಕಿಸಿ, ಅದೂ ಯಹೂದಿ ಸ್ಮಶಾನಗಳ ವಿಷಯ ನೋಡಿಕೊಳ್ಳುವ ರಬ್ಬಿಗಳ (ಯಹೂದಿ ಧರ್ಮಗುರುಗಳ) ಆಯೋಗದ ಒಪ್ಪಿಗೆ ಪಡೆದ ಮೇಲೆ. ಯಹೂದಿ ಧರ್ಮದಲ್ಲಿ ಗೋರಿ ಸತ್ತವರಿಗೇ ಶಾಶ್ವತವಾಗಿ ಸೇರಿದ್ದು. ಮೇಲೆ ಕಲ್ಲಿಲ್ಲದಿದ್ದರೂ ಅಡಿಯಲ್ಲಿ ಅಸ್ಥಿ ಇರುತ್ತದೆ. ಆದ್ದರಿಂದ ಮರಗಳನ್ನು ನೆಲಮಟ್ಟಕ್ಕೆ ಕತ್ತರಿಸಿ, ಬೇರು ಕೀಳಬೇಡಿ.

ಜಾಗ ಖಾಲಿ ಕಂಡರೆ ಆಶ್ಚರ್ಯಪಡಬೇಡಿ. ನಾಜಿ ಆಕ್ರಮಣದ ಕಾಲದಲ್ಲಿ ಗೋರಿಗಲ್ಲುಗಳನ್ನು ಕಿತ್ತು ರಸ್ತೆಗೆ ಹಾಸಿದರು. ಕೆಲವು ಸಾಣೆಕಲ್ಲುಗಳೂ ಆದವು. ಊರಿನ ಅಂಗಳ, ಮೆಟ್ಟಿಲುಗಳನ್ನೂ ಒಮ್ಮೆ ನೋಡಿ. ಮಗುಚಿ ಬಿದ್ದ ಕಲ್ಲಿನ ಅಕ್ಷರಗಳು ನಿಂತ ಕಲ್ಲಿನದಕ್ಕಿಂತ ಚೆನ್ನಾಗಿ ಉಳಿದಿರುವುದುಂಟು, ಮಳೆ ಹಿಮ ತಾಗಿರುವುದಿಲ್ಲವಲ್ಲ.

ತೊಳೆಯಲು ಸಾದಾ ನೀರು, ಮೆತ್ತನೆಯ ನಾರಿನ ಬ್ರಷ್ ಸಾಕು. ಕೆಳಗಿನಿಂದ ಮೇಲಕ್ಕೆ ಉಜ್ಜಿ. ಬ್ಲೀಚು, ಆಸಿಡ್, ತಂತಿಬ್ರಷ್, ಒತ್ತಡದ ನೀರು ಬೇಡವೇ ಬೇಡ. ಬ್ಲೀಚಿನ ಉಪ್ಪು ಮರಳುಗಲ್ಲಿನೊಳಗೆ ಹರಳುಗಟ್ಟಿ ಪದರ ಪದರವಾಗಿ ಸಿಪ್ಪೆ ಏಳಿಸುತ್ತದೆ. ತಟ್ಟಿದಾಗ ಟೊಳ್ಳು ಸದ್ದು ಬಂದರೆ ಆ ಕಲ್ಲನ್ನು ಮುಟ್ಟದೆ ತಜ್ಞರಿಗೆ ಬಿಡಿ. ಸಿಮೆಂಟಿನಲ್ಲಿ ನಿಲ್ಲಿಸುವುದೂ ತಪ್ಪು: ನೀರು ಸಿಕ್ಕಿಕೊಂಡು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕಲ್ಲು ಸೀಳುತ್ತದೆ. ಸುಣ್ಣದ ಗಾರೆಯೇ ಸರಿ.

ಓದಲು ಸೀಮೆಸುಣ್ಣ, ಹಿಟ್ಟು ಬಳಿಯದೆ ಕನ್ನಡಿಯಿಂದ ಓರೆಯಾಗಿ ಬಿಸಿಲು ಬಿಡಿ. ಇಸವಿ ಹೀಬ್ರೂ ಅಕ್ಷರಗಳಲ್ಲೇ ಇರುತ್ತದೆ, ಸಾವಿರದ ಸ್ಥಾನವನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯ ಬೆಲೆ ಇದೆ; ಅವನ್ನು ಕೂಡಿ ಬಂದ ಮೊತ್ತಕ್ಕೆ 1240 ಸೇರಿಸಿದರೆ ನಮ್ಮ ಇಸವಿ ಸಿಗುತ್ತದೆ. 600 ಎಂದಿದ್ದರೆ 1840. ಯಹೂದಿ ವರ್ಷ ಶರತ್ಕಾಲದಲ್ಲಿ ಆರಂಭವಾಗುವುದರಿಂದ ಮೊದಲ ತಿಂಗಳುಗಳಿಗೆ ಒಂದು ವರ್ಷ ಕಳೆಯಬೇಕು.