ಹುಟ್ಟಿದ ಮಾರನೇ ದಿನವೇ ಡಿಸ್ಚಾರ್ಜ್ ಅಂತಿದ್ದಾರೆ, ಒಪ್ಪಿಕೊಳ್ಳಬಹುದಾ?

ನಾರ್ಮಲ್ ಹೆರಿಗೆ, ದಿನ ತುಂಬಿ ಹುಟ್ಟಿದ ಮಗು, ತೂಕವೂ ಚೆನ್ನಾಗಿದೆ. 30 ಗಂಟೆಗೆ ಮನೆಗೆ ಕಳಿಸುತ್ತೇವೆ ಅಂತ ಡಾಕ್ಟರು, ಮೂರು ದಿನವಾದರೂ ಇರಲೇಬೇಕು ಅಂತ ನಿಮ್ಮ ಅತ್ತೆ. ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ. ನಾನು ಬಾಣಂತಿಯರ ವಾರ್ಡಿನಲ್ಲಿ ನರ್ಸ್. ನನ್ನ ಕೇಳಿದರೆ ಇಬ್ಬರದ್ದೂ ಸರಿ.

ತೊಂದರೆಯಿಲ್ಲದ ನಾರ್ಮಲ್ ಹೆರಿಗೆಯಾದರೆ ಕನಿಷ್ಠ 24 ಗಂಟೆ ಆರೈಕೆಯಲ್ಲಿ ಇರಿಸಿಕೊಳ್ಳಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮೆರಿಕದಲ್ಲಿ 48 ಗಂಟೆ, ಸಿಸೇರಿಯನ್ ಆದರೆ 96 ಗಂಟೆ. ಅದಕ್ಕಿಂತ ಕಮ್ಮಿಗೆ ವಿಮೆಯವರು ಕತ್ತರಿ ಹಾಕಬಾರದು ಅಂತ 1996ರಲ್ಲಿ ಕಾನೂನೇ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹಿಡಿದರೆ 30 ಗಂಟೆ ತೀರಾ ಅವಸರವೇನಲ್ಲ. ಮಗು 37 ವಾರ ತುಂಬುವ ಮೊದಲೇ ಹುಟ್ಟಿದ್ದರೆ ಮಾತ್ರ ಬೇಗ ಹೋಗುವ ಮಾತೇ ಬೇಡ. ನೋಡಲು ಗಟ್ಟಿಮುಟ್ಟಾಗಿ ಕಂಡರೂ ಅವು ಹಾಲು ಕುಡಿಯುತ್ತಲೇ ಸುಸ್ತಾಗಿ ನಿದ್ದೆ ಹೋಗುತ್ತವೆ.

24 ಗಂಟೆ ಕಳೆಯಲಿ ಅನ್ನುವುದಕ್ಕೆ ಕಾರಣಗಳಿವೆ. ಥೈರಾಯ್ಡ್ ಪರೀಕ್ಷೆಗೆ ಹಿಮ್ಮಡಿಯಿಂದ ರಕ್ತ ತೆಗೆಯುತ್ತೇವಲ್ಲ, ಅದನ್ನು ಮೊದಲ ದಿನವೇ ತೆಗೆದರೆ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು) ಸಹಜವಾಗಿಯೇ ಜಾಸ್ತಿ ಬಂದು ಸುಮ್ಮನೆ ಗಾಬರಿಯಾಗುತ್ತದೆ. ಬಲಗೈಗೂ ಒಂದು ಪಾದಕ್ಕೂ ಕಟ್ಟಿ ಆಕ್ಸಿಜನ್ ನೋಡುವುದೂ ಆಮೇಲೆಯೇ. ಶೇಕಡಾ 95ಕ್ಕಿಂತ ಕೆಳಗೆ ಬಂದರೆ ಹೃದಯದ ಕಡೆ ಗಮನ ಹೋಗುತ್ತದೆ. ಗರ್ಭದಲ್ಲಿದ್ದಾಗ ತೆರೆದಿದ್ದ ಒಂದು ರಕ್ತನಾಳ ಹುಟ್ಟಿದ ಮೇಲೆ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ, ಕೆಲವು ಹೃದಯದ ದೋಷಗಳು ಅಲ್ಲಿಯವರೆಗೆ ಸುಳಿವೇ ಕೊಡುವುದಿಲ್ಲ. ಉಸಿರು ನಿಮಿಷಕ್ಕೆ 60ರ ಒಳಗಿರಬೇಕು, ಒಮ್ಮೆಯಾದರೂ ಮೂತ್ರ, ಮಲ ಆಗಿರಬೇಕು. ಇವೆಲ್ಲ ನಾವು ನೋಡಿಕೊಳ್ಳುತ್ತೇವೆ, ಬಿಡಿ.

ನಾನು ಜಾಸ್ತಿ ಹೊತ್ತು ಕಳೆಯುವುದು ಹಾಲೂಡಿಸುವಾಗ. "ಚೆನ್ನಾಗಿ ಕುಡೀತಿದೆ ಸಿಸ್ಟರ್" ಅಂತ ಎಲ್ಲರೂ ಹೇಳುತ್ತಾರೆ. ಆದರೂ ಪಕ್ಕದಲ್ಲಿ ಕೂತು ನೋಡುತ್ತೇನೆ: ಬಾಯಲ್ಲಿ ಬರೀ ತೊಟ್ಟಿದೆಯೋ, ಸುತ್ತಲಿನ ಕಪ್ಪು ಭಾಗವೂ ಇದೆಯೋ? ನಾಲ್ಕೈದು ಸಲ ಚೀಪಿದ ಮೇಲಾದರೂ ಗುಟುಕು ನುಂಗುವ ಸಣ್ಣ ಸದ್ದು ಕೇಳುತ್ತದೋ?

ಇದನ್ನು ಕಲಿತದ್ದು ಪೆಟ್ಟು ತಿಂದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಖುಷಿಯಿಂದ ಬೀಳ್ಕೊಟ್ಟ ಮಗು ನಾಲ್ಕನೇ ದಿನ ವಾಪಸ್ ಬಂತು. ತೊಡೆಯವರೆಗೂ ಹಳದಿ, ಅಂಗಾಲು ಕೆರೆದರೂ ಏಳದಷ್ಟು ನಿದ್ದೆ. ಹಿಂದಿನ ದಿನವೆಲ್ಲ ಒದ್ದೆಯಾಗಿದ್ದು ಒಂದೇ ಬಟ್ಟೆ, ತೂಕ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿತ್ತು. "ಅಳೋದೇ ಇಲ್ಲ, ಒಳ್ಳೇ ಮಗು ಅಂದ್ಕೊಂಡಿದ್ದೆ" ಅಂದರು ತಾಯಿ. ಕಾಮಾಲೆ ಇಳಿಸುವ ನೀಲಿ ಬೆಳಕಿನ ಕೆಳಗೆ ಎರಡು ದಿನ ಮಲಗಿ ಸುಧಾರಿಸಿತು. ಮತ್ತೆ ಯಾವಾಗ ತೋರಿಸಬೇಕು ಅಂತ ಅವರಿಗೆ ನಾವ್ಯಾರೂ ಹೇಳಿಯೇ ಇರಲಿಲ್ಲ.

ನಿಮ್ಮ ಅತ್ತೆಯ ಮೂರು ದಿನಕ್ಕೆ ತೂಕ ಬರುವುದು ಇಲ್ಲೇ. ಕಾಮಾಲೆ ಏರುವುದು ಮೂರರಿಂದ ಐದನೇ ದಿನದೊಳಗೆ, ಎದೆಹಾಲು ಸರಿಯಾಗಿ ಇಳಿಯುವುದೂ ಹೆಚ್ಚುಕಮ್ಮಿ ಆಗಲೇ. ಆ ಹೊತ್ತಿಗೆ ಮಗು ಆಸ್ಪತ್ರೆಯಲ್ಲೇ ಇರಬೇಕಾಗಿಲ್ಲ, ಆದರೆ ಬಲ್ಲವರು ಯಾರಾದರೂ ಅದನ್ನು ಬಟ್ಟೆ ಬಿಚ್ಚಿ ನೋಡಿ ತೂಕ ಹಾಕಲೇಬೇಕು. ಮೊದಲ 24 ಗಂಟೆಯಲ್ಲೇ ಹಳದಿ ಕಂಡರೆ ಡಿಸ್ಚಾರ್ಜ್ ಮಾತನ್ನು ಅಲ್ಲಿಗೇ ನಿಲ್ಲಿಸಿ.

ಮನೆಗೆ ಹೋದ ಮೇಲೆ ಮಗು ಹಾಲು ಬೇಡ ಅಂದರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರಾಡುವಾಗ ಎದೆ ಒಳಕ್ಕೆ ಸೆಳೆದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ ಬೆಳಗಾಗಲಿ ಅಂತ ಕಾಯಬೇಡಿ.

ನಾಳೆ ಸಹಿ ಹಾಕುವ ಮೊದಲು ಮುಂದಿನ ಭೇಟಿಯ ದಿನ, ಹೊತ್ತು ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ, ಇನ್ನೆರಡು ದಿನದೊಳಗೇ ಇರಲಿ. ಅದು ರಜೆಯ ದಿನವಾದರೆ ಅವತ್ತು ಯಾರು ಇರುತ್ತಾರೆ ಅಂತಲೂ ಕೇಳಿಬಿಡಿ.