ಶೀತದ ಮಾತ್ರೆ, ಪ್ರೋಟೀನ್ ಪುಡಿ, ಡೋಪ್ ಪರೀಕ್ಷೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಉದ್ದೀಪನ ಮದ್ದಿನ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಔಷಧದಂಗಡಿಯ ಸುತ್ತಲೇ ಇವೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಓಟದ ಸ್ಪರ್ಧೆಗೆ ಇನ್ನು ಮೂರು ದಿನ. ಮೂಗು ಕಟ್ಟಿದೆ. ಚೀಟಿ ಇಲ್ಲದೆ ಸಿಗುವ ಶೀತದ ಮಾತ್ರೆ ನುಂಗಿದರೆ ಸಿಕ್ಕಿಬೀಳುತ್ತೇನೆಯೇ?

ಉತ್ತರ: ಮಾತ್ರೆಯ ಹೆಸರು ಬಿಡಿ, ಪಟ್ಟಿಯ ಹಿಂದಿನ ಸಣ್ಣಕ್ಷರ ಓದಿ. ಸೂಡೊಎಫೆಡ್ರಿನ್ ಎಂದಿದ್ದರೆ ಎಚ್ಚರ. ಅಭ್ಯಾಸದ ದಿನಗಳಲ್ಲಿ ಅದಕ್ಕೆ ನಿಷೇಧವಿಲ್ಲ. ಸ್ಪರ್ಧೆಯ ಅವಧಿಯಲ್ಲಿ ಮೂತ್ರದ ಪ್ರತಿ ಮಿಲಿಲೀಟರಿಗೆ 150 ಮೈಕ್ರೊಗ್ರಾಂ ದಾಟಿದರೆ ಮಾತ್ರ ತಪ್ಪು. ಆದರೆ ಆ ಅವಧಿ ಓಟದ ಬೆಳಿಗ್ಗೆಯಲ್ಲ, ಸಾಮಾನ್ಯವಾಗಿ ಹಿಂದಿನ ರಾತ್ರಿ 11.59ಕ್ಕೇ ಶುರುವಾಗುತ್ತದೆ. ಅದಕ್ಕೂ ಕನಿಷ್ಠ 24 ಗಂಟೆ ಮೊದಲು ಮಾತ್ರೆ ನಿಲ್ಲಿಸಬೇಕು, ತೆಗೆದುಕೊಳ್ಳುವ ದಿನಗಳಲ್ಲೂ ದಿನಕ್ಕೆ 240 ಮಿಲಿಗ್ರಾಂ ಮೀರಬಾರದು. ಇಷ್ಟೆಲ್ಲ ಲೆಕ್ಕ ಯಾಕೆ? ಪ್ಯಾರಸಿಟಮಾಲ್, ಸೆಟಿರಿಜಿನ್, ಫಿನೈಲೆಫ್ರಿನ್, ಮೂಗಿಗೆ ಬಿಡುವ ಉಪ್ಪುನೀರಿನ ಹನಿ ಯಾವುದೂ ನಿಷೇಧಿತವಲ್ಲ.

ಪರದೇಶದಲ್ಲಿ ಸ್ಪರ್ಧೆಯಿದ್ದರೆ ಇನ್ನೂ ಒಂದು ಮಾತು: ಒಂದೇ ಬ್ರಾಂಡು, ಒಂದೇ ಡಬ್ಬಿ, ಒಳಗಿನ ಮದ್ದು ಮಾತ್ರ ದೇಶಕ್ಕೊಂದು. 2002ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಸ್ಕೀ ಪಟು ಅಲೈನ್ ಬ್ಯಾಕ್ಸ್‌ಟರ್ ಮನೆಯಲ್ಲಿ ಬಳಸುತ್ತಿದ್ದ ಬ್ರಾಂಡಿನದೇ ಮೂಗಿನ ಇನ್ಹೇಲರನ್ನು ಅಮೆರಿಕದಲ್ಲಿ ಕೊಂಡರು. ಅಲ್ಲಿನದರಲ್ಲಿ ಮೆಥಾಂಫೆಟಮೀನಿನ ಒಂದು ರೂಪವಿತ್ತು. ಗೆದ್ದ ಕಂಚು ಕೈತಪ್ಪಿತು. ನಿಯಮ ಮೊದಲು ಕೇಳುವುದು ಮದ್ದು ಮೈಯಲ್ಲಿತ್ತೋ ಇಲ್ಲವೋ ಎಂದು. ಹೇಗೆ ಬಂತೆಂಬುದು ಶಿಕ್ಷೆಯ ಪ್ರಮಾಣ ಗೊತ್ತುಮಾಡುವಾಗ ಬರುವ ಮಾತು.

ಪ್ರಶ್ನೆ: ನನಗೆ ಆಸ್ತಮಾ ಇದೆ. ಸಾಲ್ಬುಟಮಾಲ್ ಇನ್ಹೇಲರ್ ಬಿಡಬೇಕೇ?

ಉತ್ತರ: ಖಂಡಿತ ಬೇಡ. ಇನ್ಹೇಲರ್ ಮೂಲಕ 24 ಗಂಟೆಯಲ್ಲಿ 1600 ಮೈಕ್ರೊಗ್ರಾಂವರೆಗೆ, ಯಾವುದೇ 8 ಗಂಟೆಯಲ್ಲಿ 600 ಮೀರದಂತೆ ಸೆಳೆದುಕೊಳ್ಳಬಹುದು. ಒಂದು ಒತ್ತಿಗೆ 100 ಮೈಕ್ರೊಗ್ರಾಂ ಬರುವ ಇನ್ಹೇಲರ್ ಆದರೆ 8 ಗಂಟೆಗೆ ಆರು ಒತ್ತು. ಜನ ಎಡವುವುದು ನೆಬ್ಯುಲೈಜರಿನಲ್ಲಿ. ಅದರ ಒಂದು ಡೋಸೇ 2.5 ಮಿಲಿಗ್ರಾಂ, ಅಂದರೆ 2500 ಮೈಕ್ರೊಗ್ರಾಂ, ಮಿತಿ ಒಂದೇ ಸಲಕ್ಕೆ ಹಾರಿಹೋಯಿತು. ಅದೇ ಮದ್ದಿನ ಮಾತ್ರೆ, ಸಿರಪ್ಪುಗಳು ಸದಾಕಾಲ ನಿಷಿದ್ಧ. ಇವು ಬೇಕೇಬೇಕೆಂದರೆ ಚಿಕಿತ್ಸಾ ವಿನಾಯಿತಿಗೆ, ಅಂದರೆ ಕಾಯಿಲೆಗಾಗಿ ನಿಷಿದ್ಧ ಮದ್ದು ಬಳಸುವ ಅನುಮತಿಗೆ ಅರ್ಜಿ ಹಾಕಿ, ಸ್ಪರ್ಧೆಗೆ ಕನಿಷ್ಠ 30 ದಿನ ಮುಂಚೆ, ಶ್ವಾಸಕೋಶ ಪರೀಕ್ಷೆಯ ವರದಿಯ ಸಮೇತ. ಬರೀ ವೈದ್ಯರ ಚೀಟಿ ಲಗತ್ತಿಸಿದರೆ ಅರ್ಜಿ ವಾಪಸ್ ಬರುವುದೇ ಹೆಚ್ಚು. ತುರ್ತಾಗಿ ಆಸ್ಪತ್ರೆ ಸೇರಬೇಕಾಗಿ ಬಂದರೆ ಮೊದಲು ಚಿಕಿತ್ಸೆ, ಅರ್ಜಿ ಆಮೇಲೆ. ಅದಕ್ಕೂ ನಿಯಮದಲ್ಲಿ ಅವಕಾಶವಿದೆ.

ಪ್ರಶ್ನೆ: ಸ್ಪರ್ಧೆಗೆ ಮುಂಚೆ ಕಾಫಿ?

ಉತ್ತರ: ಕುಡಿಯಿರಿ. ಕೆಫೀನ್ 2004ರಲ್ಲೇ ನಿಷೇಧಿತ ಪಟ್ಟಿಯಿಂದ ಹೊರಬಂದಿದೆ.

ಪ್ರಶ್ನೆ: ಪ್ರೋಟೀನ್ ಪುಡಿಯಲ್ಲಿ ಸ್ಟೀರಾಯ್ಡ್ ಇರುತ್ತದಂತೆ, ನಿಜವೇ?

ಉತ್ತರ: ವೇ ಪ್ರೋಟೀನಿಗೆ ನಿಷೇಧವಿಲ್ಲ. ತಂಟೆ ಇರುವುದು ಕಾರ್ಖಾನೆಯಲ್ಲಿ. ಸ್ಟೀರಾಯ್ಡಿನಂಥ ಬೇರೆ ಮಾಲು ಕಲಸಿದ ಯಂತ್ರವನ್ನು ಸರಿಯಾಗಿ ತೊಳೆಯದೆ ಅದರಲ್ಲೇ ನಿಮ್ಮ ಪುಡಿ ಕಲಸಿದರೆ ಚೂರುಪಾರು ಸೇರಿಕೊಳ್ಳುತ್ತದೆ. ಪ್ರಯೋಗಾಲಯ ಹುಡುಕುವುದೋ ನ್ಯಾನೊಗ್ರಾಂ ಲೆಕ್ಕದಲ್ಲಿ. ಇದಕ್ಕಿಂತ ಅಪಾಯ 'ಕೊಬ್ಬು ಕರಗಿಸುವ', 'ವ್ಯಾಯಾಮಕ್ಕೆ ಮುಂಚಿನ', 'ಟೆಸ್ಟೊಸ್ಟೆರೋನ್ ಏರಿಸುವ' ಡಬ್ಬಿಗಳಲ್ಲಿ. 'ಜೆರೇನಿಯಂ ಸಾರ' ಎಂಬ ಸಾಧು ಹೆಸರಿನ ಹಿಂದೆ ಮೀಥೈಲ್‌ಹೆಕ್ಸಾನಮೀನ್ ಎಂಬ, ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧವಾದ ಉತ್ತೇಜಕ ಇರಬಹುದು. ಹಿಜೆನಮೀನ್ ಗಿಡದಲ್ಲೇ ಇರುವ ಅಂಶ, ಆದರೂ ಸದಾಕಾಲ ನಿಷಿದ್ಧ. ಗಿಡಮೂಲಿಕೆ ಅಂದಮಾತ್ರಕ್ಕೆ ನಿರಪಾಯವಲ್ಲ.

ಕೊಳ್ಳಲೇಬೇಕಾದರೆ ಕಂಪನಿಗೆ ಸಂಬಂಧಪಡದ ಪ್ರಯೋಗಾಲಯ ಬ್ಯಾಚ್‌ವಾರು ಪರೀಕ್ಷಿಸಿದ್ದನ್ನು ಕೊಳ್ಳಿ. ಪ್ರಮಾಣಪತ್ರದ ಬ್ಯಾಚ್ ಸಂಖ್ಯೆಯೂ ಡಬ್ಬಿಯ ಮೇಲಿನದೂ ಒಂದೇ ಇರಬೇಕು. ಅದೇ ಬ್ಯಾಚಿನ ಇನ್ನೊಂದು ಡಬ್ಬಿಯನ್ನು ಸೀಲು ಒಡೆಯದೆ ಬಿಲ್ಲಿನ ಜೊತೆ ಎತ್ತಿಡಿ. ಮುಂದೆ ತಕರಾರು ಬಂದರೆ ಬಳಸಿದ ಡಬ್ಬಿಗಿಂತ ಇದರ ಸಾಕ್ಷ್ಯಕ್ಕೆ ತೂಕ ಜಾಸ್ತಿ.

ಪ್ರಶ್ನೆ: ಮಗನಿಗೆ 17 ವರ್ಷ, ಭಾರ ಎತ್ತುತ್ತಾನೆ. 'ಎಂಟು ವಾರ ಸ್ಟೀರಾಯ್ಡ್ ತಗೊಂಡು ಸ್ಪರ್ಧೆಗೆ ತಿಂಗಳು ಮುಂಚೆ ನಿಲ್ಲಿಸಿದರೆ ಯಾರಿಗೂ ಗೊತ್ತಾಗಲ್ಲ' ಎಂದು ಜಿಮ್ಮಿನಲ್ಲಿ ಹೇಳಿಕೊಟ್ಟಿದ್ದಾರೆ.

ಉತ್ತರ: ಹಳೇ ಕಾಲದ ಲೆಕ್ಕ ಅದು. ಸ್ಟೀರಾಯ್ಡನ್ನು ದೇಹ ಒಡೆದಾಗ ಉಳಿಯುವ ಕೆಲವು ತುಣುಕುಗಳು ಮೂತ್ರದಲ್ಲಿ ಬಹಳ ಕಾಲ ಸಿಗುತ್ತವೆ, ಎಣ್ಣೆಯಲ್ಲಿ ಕರಗಿಸಿ ಚುಚ್ಚುವ ನ್ಯಾಂಡ್ರೊಲೋನಿನದಂತೂ ಹಲವು ತಿಂಗಳು. ಮಾದರಿಗಳನ್ನು 10 ವರ್ಷದವರೆಗೆ ಇಟ್ಟುಕೊಂಡು ಮತ್ತೆ ಪರೀಕ್ಷಿಸಬಹುದು. 2008 ಮತ್ತು 2012ರ ಒಲಿಂಪಿಕ್ಸ್‌ನ ಮಾದರಿಗಳನ್ನು ಹೊಸ ವಿಧಾನದಲ್ಲಿ ನೋಡಿದಾಗ ಸಿಕ್ಕಿಬಿದ್ದವರಲ್ಲಿ ಭಾರ ಎತ್ತುವವರೇ ಬಹಳ. ಹೊರಗಿನಿಂದ ಹಾರ್ಮೋನು ಬಂದೊಡನೆ ಮಿದುಳು ವೃಷಣಗಳಿಗೆ ಕಳಿಸುವ ಸಂಕೇತ ನಿಲ್ಲಿಸುತ್ತದೆ, ಅವು ಕುಗ್ಗುತ್ತವೆ. ಮದ್ದು ಬಿಟ್ಟ ಮೇಲೆ ಸಹಜ ಉತ್ಪಾದನೆ ಮರಳಲು ತಿಂಗಳುಗಳೇ ಬೇಕು, ಆಗ ಸುಸ್ತು, ಖಿನ್ನತೆ, ಬಂದ ಸ್ನಾಯುವೂ ಇಳಿತ. 17ರ ಹುಡುಗನಿಗೆ ಮೂಳೆತುದಿಯ ಬೆಳವಣಿಗೆಯ ಪಟ್ಟಿ ಬೇಗ ಮುಚ್ಚಿ ಎತ್ತರ ಅಲ್ಲಿಗೇ ನಿಲ್ಲಬಹುದು. ನುಂಗುವ ಮಾತ್ರೆಗಳು ಯಕೃತ್ತನ್ನು ಕಾಡುತ್ತವೆ, ಒಳ್ಳೆಯ ಕೊಲೆಸ್ಟೆರಾಲನ್ನು ಇಳಿಸುತ್ತವೆ. ಹುಡುಗ ಈಗಾಗಲೇ ಶುರುಮಾಡಿದ್ದರೆ ಬೈಯುವ ಮೊದಲು ಹಾರ್ಮೋನು ತಜ್ಞರ ಬಳಿ ಕರೆದೊಯ್ಯಿರಿ. ಹೇಳಿಕೊಟ್ಟವರು ತರಬೇತುದಾರರಾಗಿದ್ದರೆ ಅವರೂ ನಿಯಮದಿಂದ ಹೊರಗಿಲ್ಲ: ಕ್ರೀಡಾಪಟುವಿಗೆ ಮದ್ದು ಕೊಟ್ಟವರಿಗೆ 4 ವರ್ಷದಿಂದ ಆಜೀವದವರೆಗೂ ನಿಷೇಧವಿದೆ.

ಪ್ರಶ್ನೆ: ಮೊದಲ ಸಲ ಡೋಪ್ ಪರೀಕ್ಷೆಗೆ ಕರೆದರೆ ಏನು ಮಾಡಬೇಕು?

ಉತ್ತರ: ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿ, ಗುರುತಿನ ಚೀಟಿ ತೋರಿಸಿ. ಒಲ್ಲೆ ಎಂದರೂ, ತಪ್ಪಿಸಿಕೊಂಡರೂ 4 ವರ್ಷ ಆಟ ನಿಲ್ಲಬಹುದು. ಪದಕ ಪ್ರದಾನಕ್ಕೋ ಇನ್ನೊಂದು ಸುತ್ತಿನ ಓಟಕ್ಕೋ ಹೋಗುವುದಿದ್ದರೆ ಹೇಳಿ, ಹೋಗಬಹುದು. ಆದರೆ ಮಾದರಿ ಕೊಡುವವರೆಗೂ ಜೊತೆಗಿರುವ ಪರೀಕ್ಷಾ ಸಿಬ್ಬಂದಿಯ ಕಣ್ಣಳತೆಯಿಂದ ಸರಿಯಬೇಡಿ. ಸೀಲಾದ ಬಾಟಲಿಯ ನೀರನ್ನೇ ಕುಡಿಯಿರಿ, ಅದೂ ಮಿತವಾಗಿ. ಬೇಗ ಮುಗಿಸೋಣವೆಂದು ಲೀಟರುಗಟ್ಟಲೆ ಕುಡಿದರೆ ಮೂತ್ರ ತೆಳುವಾಗುತ್ತದೆ. ನೀರಿನದು 1 ಎಂದಿಟ್ಟುಕೊಂಡರೆ, 90 ಮಿಲಿಲೀಟರ್ ಕೊಟ್ಟವರಿಗೆ ಮೂತ್ರದ ಸಾಂದ್ರತೆ 1.005 ಬೇಕು, 150 ಅಥವಾ ಅದಕ್ಕಿಂತ ಹೆಚ್ಚು ಕೊಟ್ಟರೆ 1.003 ಸಾಕು. ಅದಕ್ಕಿಂತ ಇಳಿದರೆ ಮತ್ತೆ ಕೂರಿಸುತ್ತಾರೆ.

ಕಪ್ಪನ್ನೂ ಕಿಟ್ಟನ್ನೂ ನೀವೇ ಆರಿಸಿಕೊಳ್ಳಿ. ನಿಮ್ಮದೇ ಲಿಂಗದ ಅಧಿಕಾರಿಯೊಬ್ಬರು ಮೂತ್ರ ಬೀಳುವುದನ್ನು ನೇರವಾಗಿ ನೋಡುತ್ತಾರೆ. ಅಂಗಿ ಮೇಲೆತ್ತಿ, ಚಡ್ಡಿ ಮೊಣಕಾಲಿಗಿಳಿಸಿ, ಅಂಗಿಯ ತೋಳು ಮೇಲಕ್ಕೆ ಮಡಚಲು ಹೇಳುತ್ತಾರೆ. ಮುಜುಗರ ಸಹಜ. ಅಪ್ರಾಪ್ತರಾದರೆ ನಿಮ್ಮ ಕಡೆಯ ದೊಡ್ಡವರೊಬ್ಬರನ್ನು ಕರೆದುಕೊಳ್ಳಿ. 90ಕ್ಕಿಂತ ಕಡಿಮೆಯಾದರೆ ಅದನ್ನು ಸೀಲು ಮಾಡಿಟ್ಟು ಕಾಯಿಸುತ್ತಾರೆ, ಎರಡನೆಯದನ್ನು ಅದಕ್ಕೆ ಸೇರಿಸುತ್ತಾರೆ. ಮೊದಲು 'ಬಿ' ಬಾಟಲಿಗೆ 30, ಆಮೇಲೆ 'ಎ'ಗೆ 60 ಮಿಲಿಲೀಟರ್ ಸುರಿದು, ಮುಚ್ಚಳವನ್ನು ಅದು ಮತ್ತೆ ತಿರುಗದಷ್ಟು ಬಿಗಿಮಾಡಿ. ಸಾಂದ್ರತೆ ನೋಡಲು ಕಪ್ಪಿನಲ್ಲಿ ಸ್ವಲ್ಪ ಉಳಿಸಿ. ಬಾಟಲಿ, ಪೆಟ್ಟಿಗೆ, ಫಾರಂ ಮೂರರಲ್ಲೂ ಸಂಖ್ಯೆ ಒಂದೇ ಇದೆಯೇ ನೋಡಿ.

ಫಾರಂನಲ್ಲಿ ಹಿಂದಿನ 7 ದಿನ ತೆಗೆದುಕೊಂಡ ಮಾತ್ರೆ, ಪುಡಿ, ಟಾನಿಕ್ಕು ಎಲ್ಲವನ್ನೂ ಬರೆಯಿರಿ. ಬರೆದರೆ ತಪ್ಪು ಮನ್ನಾ ಆಗುವುದಿಲ್ಲ, ಆದರೆ ಬಚ್ಚಿಡಲಿಲ್ಲ ಎಂದು ಮುಂದೆ ತೋರಿಸಲು ಬೇಕಾಗುತ್ತದೆ. ಮುಚ್ಚಳ ಸರಿಯಾಗಿ ಕೂರಲಿಲ್ಲ, ಕಪ್ಪಿನ ಸೀಲು ಮೊದಲೇ ಹರಿದಿತ್ತು ಎಂಬಂಥ ತಕರಾರಿದ್ದರೆ ಷರಾದ ಜಾಗದಲ್ಲಿ ಅಲ್ಲೇ ಬರೆದು, ಆಮೇಲೆ ಸಹಿ ಹಾಕಿ. ಪ್ರಯೋಗಾಲಯಕ್ಕೆ ಹೋಗುವ ಪ್ರತಿಯಲ್ಲಿ ನಿಮ್ಮ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ನಿಮ್ಮ ಪ್ರತಿಯನ್ನು ಕೇಳಿ ಪಡೆದು ಜೋಪಾನವಾಗಿಡಿ. 'ಎ' ಮಾದರಿಯಲ್ಲಿ ಮದ್ದು ಸಿಕ್ಕಿತೆಂದು ಬಂದರೆ 'ಬಿ' ಬಾಟಲಿ ತೆರೆಸುವ ಹಕ್ಕು ನಿಮ್ಮದು. ತೆರೆಯುವಾಗ ನೀವೋ ನಿಮ್ಮ ಪ್ರತಿನಿಧಿಯೋ ಎದುರಿಗಿದ್ದು ಆ ಸಂಖ್ಯೆಯನ್ನು ನಿಮ್ಮ ಪ್ರತಿಯ ಜೊತೆ ತಾಳೆ ನೋಡಬಹುದು.